ಮೋರಿ ದಾಟುವ ಸ್ಪ್ರಿಂಗು

ಪಾಂಡವಪುರ
೧೨ ನವೆಂಬರ್ ೧೯೯೫

ಪ್ರೀತಿಯ ಅಣ್ಣ,

ಹೇಗಿದ್ದೀಯ? ಮಸ್ಕತ್ತಿನ ಬಿಸಿಲು ಈಗಲಾದರೂ ಸ್ವಲ್ಪ ಇಳಿದಿರಬೇಕು. ಬಲಗಡೆಯ ಆ ಹಲ್ಲು ಕೀಳಿಸಿದೆಯೋ, ಇಲ್ಲ ಲವಂಗ ಒತ್ತಿಕೊಂಡೇ ದಿನ ದೂಡುತ್ತಿದ್ದೀಯೋ? ನೀನು ಕ್ರೇನಿನ ಮೇಲೆ ಅಷ್ಟೆತ್ತರದಲ್ಲಿ ಕೂರುತ್ತೀಯ ಅಂತ ಅಮ್ಮನಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಅಂದಿನಿಂದ ಗಾಳಿ ಬೀಸಿದರೆ ಸಾಕು, ಅಲ್ಲೂ ಬೀಸುತ್ತಿರಬಹುದಾ ಎಂದು ನನ್ನನ್ನು ಕೇಳುತ್ತಾರೆ. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ ಊಟ ಸರಿಯಾಗಿ ಮಾಡುತ್ತಾರೆ. ಗೋಡೆ ಹಿಡಿದುಕೊಂಡು ಹಿತ್ತಲಿನವರೆಗೆ ಹೋಗಿ ಬರುತ್ತಾರೆ. ವಾರಕ್ಕೊಮ್ಮೆ ನಾನೇ ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಶೀಳನೆರೆಯ ಚಲುವಮ್ಮತ್ತೆ ಹಬ್ಬಕ್ಕೆ ಕಜ್ಜಾಯ ಕಳಿಸಿದ್ದರು, ನಿನ್ನ ಪಾಲನ್ನೂ ನಾನೇ ತಿಂದೆ.

ನಿನ್ನ ಕಳೆದ ಪತ್ರದಲ್ಲಿ ಇದ್ದದ್ದು ಒಂದೇ ಮಾತು, ಕಾರು ಮಾರಿಬಿಡಿ ಅಂತ. ಮಾರಲಿಲ್ಲ ಅಣ್ಣ. ಅಷ್ಟೇ ಅಲ್ಲ, ಜನವರಿಯಲ್ಲಿ ಮದ್ರಾಸಿನ ಟ್ರ್ಯಾಕಿನಲ್ಲಿ ನಡೆಯುವ ಹೆಂಗಸರ ರೇಸಿಗೆ ನಾನು ಹೆಸರು ಕೊಟ್ಟಿದ್ದೇನೆ. ನಮ್ಮ ಮಾರುತಿಯಲ್ಲೇ. ಇದನ್ನು ಓದಿ ನೀನು ಪತ್ರ ಹರಿದುಹಾಕುತ್ತೀಯ ಎಂದು ಗೊತ್ತು. ಹರಿಯುವ ಮುಂಚೆ ಪೂರ್ತಿ ಓದು. ನಾನು ಬರೆಯುತ್ತಿರುವುದು ರೇಸಿನ ವಿಷಯಕ್ಕಲ್ಲ.

ಹೋದ ವರ್ಷ ಕಾರು ತಗ್ಗಾಗಿ ಕೂರಲಿ, ತಿರುವಿನಲ್ಲಿ ವಾಲದಿರಲಿ ಎಂದು ನೀನು ಹಿಂದಿನ ಸ್ಪ್ರಿಂಗುಗಳನ್ನು ಒಂದು ಸುತ್ತು ಕತ್ತರಿಸಿದ್ದೆ. ಟ್ರ್ಯಾಕಿನಲ್ಲಿ ಅದು ಚೆನ್ನಾಗಿಯೇ ಓಡಿತು. ಆಮೇಲೆ ಶೀಳನೆರೆಗೆ ಅಪ್ಪನನ್ನು ಕರೆದುಕೊಂಡು ಹೋಗುವಾಗ ಚಿನಕುರಳಿ ಹತ್ತಿರದ ಮೋರಿಯ ಮೇಲೆ ಚಕ್ರ ಗುಂಡಿಗಿಳಿಯಿತು, ಗಿಡ್ಡವಾದ ಸ್ಪ್ರಿಂಗು ಕೂತ ಜಾಗದಿಂದ ಕಳಚಿಕೊಂಡಿತು, ಕಾರು ಬಲಗಡೆಯ ಗದ್ದೆಗೆ ನುಗ್ಗಿ ಮಗುಚಿತು. ನಿನಗೆ ಹಣೆಯ ಮೇಲೊಂದು ಗಾಯ, ಅಪ್ಪನಿಗೆ ಬೆನ್ನು. ಆಸ್ಪತ್ರೆಯ ಮಂಚದ ಮೇಲಿಂದ ಅಪ್ಪ ನಿನಗೆ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೆ. "ನೆಟ್ಟಗೆ ಇಡ್ಕೊಂಡಿದ್ರೆ ದಾಟ್ಬುಡ್ತಿತ್ತು. ಗದ್ದೆಗ್ ಯಾಕ್ಲಾ ತಿರುಗಿಸ್ದೆ, ಬೇವರ್ಸಿ?" ನೀನು ಒಂದು ಮಾತೂ ಆಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮಸ್ಕತ್ತಿಗೆ ಹೊರಟುಹೋದೆ.

ಕಾರನ್ನು ಪಾಂಡವಪುರದ ಕುಳ್ಳಯ್ಯಣ್ಣನ ಶೆಡ್ಡಿನಲ್ಲೇ ರಿಪೇರಿ ಮಾಡಿಸಿದೆವು. ಕಂಪನಿಯ ಹೊಸ ಸ್ಪ್ರಿಂಗು ಹಾಕಿದರು. ಅಪ್ಪನ ಬೆನ್ನಿಗೆ ಅದು ಹಿತವಾಗಿತ್ತು. ಆದರೆ ಅದರಲ್ಲೇ ಮದ್ರಾಸಿಗೆ ಹೋಗಿ ಒಂದು ದಿನ ಅಭ್ಯಾಸ ಮಾಡಿದಾಗ ನನಗೆ ಜೀವ ಹೋಗಿ ಬಂತು. ಜೋರಾಗಿ ತಿರುಗಿಸಿದರೆ ಕಾರು ಒಂದು ಕಡೆಗೆ ದೋಣಿಯ ಹಾಗೆ ವಾಲುತ್ತದೆ. ಒಂದು ತಿರುವಿನಲ್ಲಿ ಒಳಗಡೆಯ ಚಕ್ರ ಎದ್ದೇಬಿಟ್ಟಿತು.

ಹೀಗಾಗಿ ಪ್ರಶ್ನೆ ಬಂತು, ಯಾವ ಸ್ಪ್ರಿಂಗು, ಯಾವ ಶಾಕ್ ಅಬ್ಸಾರ್ಬರು? ರೇಸಿಗೊಂದು, ರಸ್ತೆಗೊಂದು ಅಂತ ವಾರವಾರ ಬಿಚ್ಚಿ ಹಾಕಲು ಆಗುವುದಿಲ್ಲ. ಕುಳ್ಳಯ್ಯಣ್ಣ ಕೊಯಮತ್ತೂರಿನ ರೇಸಿನವರೊಬ್ಬರಿಂದ ಒಂದು ಸೆಟ್ಟು ತರಿಸಿದರು. ಗಿಡ್ಡ, ಕಲ್ಲಿನ ಹಾಗೆ ಗಟ್ಟಿ. "ಇದ್ನ ಆಕ್ಬುಟ್ರೆ ಕಾರು ನೆಲಕ್ಕೆ ಅಂಟ್ಕತದೆ ಕಣವ್ವ, ಯಾವಳೂ ನಿನ್ನ ಮುಂದೆ ಓಗಾಕಿಲ್ಲ" ಅಂದರು. ಬೆಂಗಳೂರಿನ ಅಂಗಡಿಯೊಂದರಲ್ಲಿ ಇನ್ನೊಂದು ಸೆಟ್ಟು ಸಿಕ್ಕಿತು. ಉದ್ದ ಕಂಪನಿಯದರಷ್ಟೇ, ಬಿಗಿ ಮಾತ್ರ ಅದಕ್ಕಿಂತ ಸ್ವಲ್ಪ ಜಾಸ್ತಿ, ಜೊತೆಗೆ ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರು. ಕುಳ್ಳಯ್ಯಣ್ಣ ಅದನ್ನು ಕೈಯಲ್ಲಿ ಒತ್ತಿ ನೋಡಿ, ಇದು ಅಲ್ಲಿಗೂ ಇಲ್ಲ ಇಲ್ಲಿಗೂ ಇಲ್ಲ ಎಂದು ಮೂಲೆಗಿಟ್ಟರು.

ಮನೆಯಲ್ಲಿ ವಿಷಯ ತೆಗೆದಾಗ ಅಮ್ಮ ತಟ್ಟೆ ಸರಿಸಿ ಎದ್ದುಹೋದರು. ಆಮೇಲೆ ಎಷ್ಟೋ ದಿನ ನನ್ನ ಜೊತೆ ಮಾತಿಲ್ಲ. ಅಪ್ಪ ಮಾತ್ರ, "ಓಡ್ಸು. ಆದ್ರೆ ಯಾವ್ದು ಆಕ್ಬೇಕು ಅಂತ ನಾನ್ ಏಳ್ತೀನಿ. ಆ ಮೋರಿ ಮ್ಯಾಲೆ ನನ್ನ ಕೂರಿಸ್ಕೊಂಡು ಓಗು" ಅಂದರು. ನಾನು ಬೇಡವೆಂದೆ. ಅಪ್ಪನದು ಒಂದೇ ಹಟ. "ಮದ್ರಾಸಲ್ಲಿ ನೀನು ವರ್ಸಕ್ಕೆ ಒಂದಪ ಓಡಿಸ್ತೀಯ. ಬದುಕೋದು ಈ ರಸ್ತೇಲಿ ಕಣ್ ಮಗ."

ಮೊದಲು ಕೊಯಮತ್ತೂರಿನ ಸೆಟ್ಟು ಹಾಕಿದರು. ಹಿಂದಿನ ಸೀಟಿನಲ್ಲಿ ಅಪ್ಪ, ಬೆನ್ನಿಗೆ ದಿಂಬು, ಪಕ್ಕದಲ್ಲಿ ಕುಳ್ಳಯ್ಯಣ್ಣ. ಕೆ.ಆರ್. ಪೇಟೆ ರಸ್ತೆ ನಿನಗೆ ಗೊತ್ತಲ್ಲ, ಕಬ್ಬಿನ ಗಾಡಿಗಳು ಓಡಾಡಿ ಅಂಚೆಲ್ಲ ಕಿತ್ತುಹೋಗಿದೆ. ಒಂದೊಂದು ಕಲ್ಲೂ ನನ್ನ ಹಲ್ಲಿಗೆ ತಾಗಿದ ಹಾಗೆ. ಕನ್ನಡಿಯಲ್ಲಿ ನೋಡಿದೆ. ಅಪ್ಪ ಕಣ್ಣು ಮುಚ್ಚಿ ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಚಿನಕುರಳಿ ದಾಟುತ್ತಿದ್ದಂತೆ ಒಂದು ಉಬ್ಬಿನ ಮೇಲೆ ಹಿಂದಿನ ಚಕ್ರಗಳು ನೆಲ ಬಿಟ್ಟು ಪಕ್ಕಕ್ಕೆ ಜಿಗಿದವು. ಕಾರು ಅಡ್ಡ ಹೋಯಿತು. ಮೋರಿ ಎದುರಿಗೇ ಕಾಣುತ್ತಿತ್ತು. ನಾನು ನಿಲ್ಲಿಸಿಬಿಟ್ಟೆ.

"ನಿಲ್ಲಿಸ್ಬ್ಯಾಡ ಅಂದಿದ್ನಲ್ಲ" ಎಂದು ಅಪ್ಪ ಕೂಗಿದರು. ಆ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಕುಳ್ಳಯ್ಯಣ್ಣ ತಲೆ ಎತ್ತಲಿಲ್ಲ. ನಾನು ಮೋರಿ ದಾಟಿಸಲಿಲ್ಲ, ಹಿಂದಕ್ಕೆ ತಿರುಗಿಸಿದೆ. ಮನೆಯ ಮುಂದೆ ಅಪ್ಪನಿಗೆ ಇಳಿಯಲು ಆಗಲಿಲ್ಲ. ನಾವಿಬ್ಬರೂ ಎತ್ತಿಕೊಂಡು ಹೋಗಿ ಮಲಗಿಸಿದೆವು. ಅಮ್ಮ ಬಿಸಿನೀರಿನ ಚೀಲ ತಂದವರು ನನ್ನ ಕಡೆ ತಿರುಗಿ, "ಒಬ್ಬ ಮುರಿದ್ಬುಟ್ ಓದ. ಉಳಿದಿದ್ನ ನೀನ್ ಮುರಿ" ಅಂದರು. ಅಷ್ಟು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಹಿತ್ತಲಿಗೆ ಹೋಗಿ ಅತ್ತೆ. ರೇಸು ಬೇಡ ಅಂತಲೇ ತೀರ್ಮಾನ ಮಾಡಿದ್ದೆ.

ಎದ್ದು ಕೂರುವಂತಾದ ಕೂಡಲೇ ಅಪ್ಪ ಮತ್ತೆ ಅದೇ ಮಾತೆತ್ತಿದರು. ಇನ್ನೊಂದು ಸೆಟ್ಟು ಹಾಕಿಸು, ಇಲ್ಲದಿದ್ದರೆ ಇನ್ನು ಮೈಸೂರಿಗೂ ಆ ಕಾರು ಹತ್ತುವುದಿಲ್ಲ ಎಂದು ಕೂತರು. ಹಾಕಿಸಿದೆ. ಹೊರಡುವ ದಿನ ಅಮ್ಮ ಮನೆಗೆ ಬೀಗ ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ನೀನ್ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, "ಓಗೋದಾದ್ರೆ ಮೂರ್ ಜನಾನೂ ಒಂದಪನೇ ಓಗಾನ. ನಾನ್ ಒಬ್ಬಳೇ ಕೂತು ಯಾರಿಗೆ ಇಟ್ಟು ಬೇಯ್ಸ್ಲಿ?" ಅಂದರು.

ಈ ಸಲ ಚಿನಕುರಳಿಯವರೆಗೆ ಅಪ್ಪ ಟವೆಲ್ಲು ಕಚ್ಚಲಿಲ್ಲ. ಗುಂಡಿ ಬಂದಾಗ ಕಾರು ಇಳಿಯುತ್ತಿತ್ತು, ಏಳುತ್ತಿತ್ತು, ಒಂದೇ ಸಲಕ್ಕೆ ಸುಮ್ಮನಾಗುತ್ತಿತ್ತು. ಎಡಕ್ಕೆ ನಾಲೆ ಕಂಡಿತು. ನೀರು ಬಿಟ್ಟಿದ್ದರು, ತುಂಬಿ ಹರಿಯುತ್ತಿತ್ತು. ಮಾದೇವ ಓಡಿಸುತ್ತಿದ್ದಷ್ಟೇ ವೇಗದಲ್ಲಿ ಹೋಗು ಎಂದು ಅಪ್ಪ ಹೇಳಿದ್ದರಿಂದ ಹಾಗೆಯೇ ಹೋಗುತ್ತಿದ್ದೆ. ಮೋರಿಗೆ ಇನ್ನೇನು ಬಂದೆವು ಅನ್ನುವಾಗ ಆ ಕಡೆಯಿಂದ ಕಬ್ಬಿನ ಟ್ರಾಕ್ಟರು ಮೇಲೇರಿ ಬಂತು, ಹಿಂದೆ ಎರಡು ಟ್ರೇಲರು. ಟ್ರಾಕ್ಟರು ರಸ್ತೆಯ ತನ್ನ ಬದಿಯಲ್ಲೇ ಇತ್ತು. ಹಿಂದಿನ ಟ್ರೇಲರು ಮಾತ್ರ ಗುಂಡಿಗೆ ಬಿದ್ದು ನಮ್ಮ ಕಡೆಗೆ ಬೀಸಿಕೊಂಡು ಬಂತು. ಅಮ್ಮ ಕಿರುಚಿದರು. ನಾನು ಎಡಕ್ಕೆ ಎಳೆದೆ. ಎಡಗಡೆಯ ಎರಡೂ ಚಕ್ರ ಡಾಂಬರಿನಿಂದ ಕೆಳಗೆ ಬಿದ್ದವು. ಅಪ್ಪನ ಕಿಟಕಿಯ ನೇರಕ್ಕೆ ನೀರು. ಕಬ್ಬಿನ ಗರಿಗಳು ನನ್ನ ಕಡೆಯ ಗಾಜನ್ನು ಉಜ್ಜಿಕೊಂಡು ಹೋದವು. ಟ್ರೇಲರು ದಾಟುತ್ತಿದ್ದಂತೆ ಬಲಕ್ಕೆ ತಿರುಗಿಸಿದೆ. ಕಾರು ವಾಲಿತು, ನಾಲೆಯ ಕಡೆಗೇ ವಾಲಿತು, ಇನ್ನು ಮುಗಿಯಿತು ಅಂದುಕೊಂಡೆ ಅಣ್ಣ, ಆಮೇಲೆ ನಿಧಾನವಾಗಿ ಎದ್ದು ರಸ್ತೆಗೆ ಹತ್ತಿಕೊಂಡಿತು. ಮೋರಿ ದಾಟಿದ ಮೇಲೆ ಇಂಜಿನ್ ಆಫ್ ಮಾಡಿದೆ. ಟ್ರಾಕ್ಟರಿನವನು ತಿರುಗಿಯೂ ನೋಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಇಳಿಸು ಅಂದರು. ನಾನೂ ಅಮ್ಮನೂ ಹಿಡಿದುಕೊಂಡು ಹೋಗಿ ಮೋರಿಯ ಕಟ್ಟೆಯ ಮೇಲೆ ಕೂರಿಸಿದೆವು. ಅಪ್ಪ ಆ ಕಡೆ ನಾಲೆ ನೋಡಿದರು, ಈ ಕಡೆ ಗದ್ದೆ ನೋಡಿದರು, ಮತ್ತೆ ನಾಲೆ ನೋಡಿದರು. "ಅವತ್ತು ನಾನು ತೂಕಡಿಸ್ತಾ ಇದ್ದೆ. ಕಣ್ ಬಿಟ್ಟಾಗ ಗದ್ದೇಲಿದ್ದೆ, ಅಷ್ಟೇ ಗೊತ್ತು. ಸ್ಪ್ರಿಂಗ್ ಕಳಚಿದ್ದು ಯಾವ್ ಕಡೆದು?" ಎಂದು ಕೇಳಿದರು. ಎಡಗಡೆಯದು ಅಂದೆ. "ಅಂಗಾರೆ ಕಾರು ನಾಲೆಗೆ ಓಗ್ಬೇಕಾಗಿತ್ತು." ನಾನು ತಲೆಯಾಡಿಸಿದೆ. "ಮಾದೇವ ಗದ್ದೆಗ್ ತಿರುಗಿಸ್ದೆ ಇದ್ದಿದ್ರೆ ನನ್ನ ಎಣನೂ ಸಿಕ್ತಿರ್ಲಿಲ್ಲ ಕಣೇ ಬೆಟ್ಟಿ" ಎಂದು ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ರಸ್ತೆಯ ಮೇಲೇ ಕೂತರು. ಬಸ್ಸಿನವನು ಹಾರನ್ ಹೊಡೆಯುವ ತನಕ ನಾವು ಮೂವರೂ ಅಲ್ಲೇ ಇದ್ದೆವು.

ಸ್ಪ್ರಿಂಗು ಕತ್ತರಿಸಿದ್ದು ತಪ್ಪೇ. ಅದನ್ನು ನಾನೂ ಇಲ್ಲ ಅನ್ನುವುದಿಲ್ಲ. ಆದರೆ ನೀನು ಗದ್ದೆಯ ಕಡೆಗೇ ಯಾಕೆ ತಿರುಗಿಸಿದೆ ಅನ್ನುವುದು ನಿನಗೊಬ್ಬನಿಗೇ ಗೊತ್ತಿತ್ತು, ನೀನು ಹೇಳಲಿಲ್ಲ. ಯಾಕೆ ಅಣ್ಣ ಹೇಳಲಿಲ್ಲ?

ಈಗ ಕಾರಿನಲ್ಲಿರುವುದು ಬೆಂಗಳೂರಿನ ಸೆಟ್ಟೇ. ಮದ್ರಾಸಿನಲ್ಲಿ ಅದರಲ್ಲೇ ಒಂದು ದಿನ ಓಡಿಸಿ ನೋಡಿದೆ. ಚಕ್ರ ಏಳುವುದಿಲ್ಲ, ಎಲ್ಲಿ ತಿರುಗಿಸಿದರೆ ಎಷ್ಟು ವಾಲುತ್ತದೆ ಅಂತ ಮೊದಲೇ ತಿಳಿಯುತ್ತದೆ. ಆದರೂ ಗಟ್ಟಿ ಸ್ಪ್ರಿಂಗಿನ ಕಾರುಗಳು ತಿರುವಿನಲ್ಲಿ ನನ್ನನ್ನು ಹಿಂದೆ ಹಾಕಿದವು. ಕುಳ್ಳಯ್ಯಣ್ಣ ಇನ್ನೂ ಗೊಣಗುತ್ತಿದ್ದಾರೆ. ರೇಸಿನ ಮಟ್ಟಿಗೆ ಅವರು ಹೇಳಿದ್ದೇ ಸರಿ, ನಾನು ಮೊದಲು ಬರುವುದಿಲ್ಲ. ಪರವಾಗಿಲ್ಲ.

ಅಮ್ಮ ನಿನಗೆ ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡು ಅಂತ ಬರೆಯಲು ಹೇಳಿದರು. ಆಶೀರ್ವಾದ ಬೇರೆಯಾಗಿ ಬರೆಯಬೇಕಾ ಅಂದರೆ, ಅದೇ ಆಶೀರ್ವಾದ ಅಂದರು. ಕುಳ್ಳಯ್ಯಣ್ಣನೂ ನಿನ್ನನ್ನು ಕೇಳಿದ್ದಾರೆ. ಆ ಹಲ್ಲು ಕೀಳಿಸು.

ನಿನ್ನ ತಂಗಿ
ರಂಜಿತ

ಒಂದು ವಿಷಯ ಉಳಿದಿದೆ. ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪೋಸ್ಟಿನ ಹೊತ್ತಾಯಿತು, ಬೇಗಬೇಗ ಬರೆಯುತ್ತಿದ್ದೇನೆ. ಡಾಕ್ಟರು ಅಪ್ಪನ ಬೆನ್ನಿಗೆ ಆಪರೇಷನ್ ಆಗಲೇಬೇಕು, ಡಿಸೆಂಬರಿನಾಚೆಗೆ ತಳ್ಳಬೇಡಿ ಅಂದಿದ್ದಾರೆ. ಆದ ಮೇಲೆ ನಡೆಯಬಹುದು, ನಡೆಯದೆಯೂ ಇರಬಹುದು. ನೀನು ಬರದೆ ಆಪರೇಷನ್ನಿಗೆ ಒಪ್ಪುವುದಿಲ್ಲ ಅಂತ ಅಪ್ಪ ಕೂತಿದ್ದಾರೆ. "ಕಾಗ್ದ ಬ್ಯಾಡ, ಮಗ ಬರ್ಲಿ. ಒಳಕ್ಕೋಗೋ ಮುಂಚೆ ನಾನ್ ಅವನ್ಗೊಂದು ಮಾತು ಏಳ್ಬೇಕು" ಅನ್ನುತ್ತಾರೆ. ಬೊಂಬಾಯಿಯಲ್ಲಿ ಇಳಿದ ತಕ್ಷಣ ಟೆಲಿಗ್ರಾಂ ಕೊಡು. ಬೆಂಗಳೂರು ಸ್ಟೇಷನ್ನಿಗೆ ನಾನೇ ಕಾರು ತರುತ್ತೇನೆ, ಅಪ್ಪನೂ ಬರುತ್ತಾರಂತೆ. ನೀನು ಓಡಿಸಬೇಕಾಗಿಲ್ಲ, ಅಪ್ಪನ ಪಕ್ಕ ಹಿಂದೆ ಕೂತರೆ ಸಾಕು.