ಬಾಯಾರಿದ ಕುದುರೆ ನೀರು ಕುಡಿಯದ ದಿನ

ಪುಣೆ, ೧೯೩೮

ಅಪ್ಪಾ,

ನೀನು ನೈರೋಬಿಯಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಇಂದು ಖಾನಾವಳಿಯಲ್ಲಿ, ಎಂದೂ ಬಾಯಿಬಿಡದ ನಾನು, ನಿನ್ನ ಪತ್ರದ ಸಂಗತಿಯೊಂದನ್ನು, ನಿನ್ನ ಹೆಸರೆತ್ತದೆ, ಹೇಳಿದೆ: ಬಾಯಾರಿದ ಕುದುರೆ ಹೊಳೆಯ ದಂಡೆಯಲ್ಲಿ ಕಿವಿ ನಿಮಿರಿಸಿ ನಿಂತದ್ದು, ನೀನು ಅದನ್ನು ಹೊಡೆಯದೆ ಕಾದದ್ದು, ಕೊನೆಗೆ ಆಚೆ ದಡದ ಹುಲ್ಲಿನಿಂದ ಸಿಂಹಿಣಿಯೊಂದು ಎದ್ದು ಹೋದದ್ದು. ಎಲ್ಲರೂ ಊಟ ನಿಲ್ಲಿಸಿ ಕೇಳಿದರು.

"ಇದನ್ನ ಕಂಡವರು ಯಾರ್ರೀ, ಮಾಸ್ತರ?" ಎಂದರು ವಕೀಲ ಈರಬಸಪ್ಪನವರು.

'ಸಾಹೇಬರ ಲಾಯದಲ್ಲಿ ಕುದುರೆ ತಿಕ್ಕುತ್ತಿದ್ದ ನಮ್ಮಪ್ಪ' ಎನ್ನಲು ನಾಲಿಗೆ ಏಳಲಿಲ್ಲ.

"ಒಬ್ಬ ಇಂಗ್ಲಿಷ್ ಸಾಹೇಬ. ಪುಸ್ತಕದಾಗ ಬರದಾನ್ರಿ," ಎಂದೆ.

"ಅದಕ್ಕ ಮತ್ತ. ನಮ್ಮ ಮಂದಿಗೆ ಎಲ್ಲಿಂದ ಬರಬೇಕು ಅಂಥಾ ಕಣ್ಣು?"

ನೀನು ಸಾಹಿತ್ಯ ಓದಿಸಿದ ಮಗ, ತಲೆ ತಗ್ಗಿಸಿ, "ಹೌದ್ರಿ" ಎಂದೆ.