ಮೂರನೇ ವ್ಯಕ್ತಿಯ ಆಕ್ಷೇಪಣೆ

ದೋರನಹಳ್ಳಿ
೧೨ ಮಾರ್ಚ್ ೨೦೨೫, ಬುಧವಾರ

ಹಣಮಂತ್ರಾಯ ಅವರಿಗೆ ಶೇಖಮ್ಮನ ಜೈಭೀಮ್.

ಹದಿನಾಲ್ಕು ತಿಂಗಳ ಮೇಲೆ ಹೆಂಡತಿಯ ಕಾಗದ ಬಂತೆಂದು ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಆಗಬಾರದ್ದು ನಮ್ಮ ಮನೆಯಲ್ಲಿ ಆಗಲೇ ಆಗಿ ಹೋಗಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಕೂಗಾಡುತ್ತೇನೆ. ಕಾಗದವಾದರೆ ಕೊನೆಯ ಸಾಲಿನವರೆಗೂ ಓದುತ್ತೀರಿ. ಮೂವತ್ತು ವರ್ಷ ನಕಲು ಶಾಖೆಯಲ್ಲಿ ಕೂತು ಬಂದ ಚಟ ಅದು, ನಿವೃತ್ತಿಯಾದರೂ ಹೋಗಿರಲಿಕ್ಕಿಲ್ಲ.

ಕಳೆದ ಶುಕ್ರವಾರ ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದಾಗ ಪೋಸ್ಟಿನವನು ಒಂದು ರಿಜಿಸ್ಟರ್ ಕಾಗದ ಕೊಟ್ಟು ಹೋದ. ಸರ್ಕಾರಿ ನೋಟಿಸು. "ತಮ್ಮ ಮಗಳು ದಿವಂಗತ ಸಪ್ನಾ ಅವರಿಗೆ ಸಂಬಂಧಿಸಿದ ಅರ್ಜಿ ಹಾಗೂ ಮುಚ್ಚಳಿಕೆಯ ನಕಲನ್ನು ಹಣಮಂತ್ರಾಯ ಎಂಬುವವರು ಮಾಹಿತಿ ಹಕ್ಕಿನ ಅಡಿಯಲ್ಲಿ ಕೋರಿರುತ್ತಾರೆ. ಮೂರನೇ ವ್ಯಕ್ತಿಯಾದ ತಮ್ಮ ಆಕ್ಷೇಪಣೆ ಇದ್ದಲ್ಲಿ ಹತ್ತು ದಿನಗಳೊಳಗೆ ತಿಳಿಸುವುದು." ಎರಡು ಸಲ ಓದಿದೆ. ಸಪ್ನಾಳನ್ನು ಹೆತ್ತವರಲ್ಲಿ ಒಬ್ಬರು "ಎಂಬುವವರು", ಇನ್ನೊಬ್ಬಳು ಮೂರನೆಯವಳು. ಸೋಮವಾರ ಕೊನೆಯ ದಿನ.

ನಿಮ್ಮನ್ನು ನೆನೆಸಿಕೊಂಡು ನಗು ಬಂತು, ಸುಳ್ಳು ಹೇಳುವುದಿಲ್ಲ. ಎಷ್ಟು ಜನರಿಗೆ "ನಾಳಿ ಬರ್ರಿ" ಎಂದಿದ್ದೀರಿ ನೀವು. ಎಷ್ಟು ವಿಧವೆಯರು ನಿಮ್ಮ ಕಿಟಕಿಯ ಮುಂದೆ ಬುತ್ತಿ ಬಿಚ್ಚಿ ಉಂಡು ಸಂಜೆ ಬಸ್ಸಿಗೆ ಬರಿಗೈಯಲ್ಲಿ ಹೋಗಿದ್ದಾರೆ. ಈಗ ಒಂದು ಹಾಳೆಗಾಗಿ ನೀವೇ ಯಾದಗಿರಿಯಿಂದ ಓಡಾಡುತ್ತಿದ್ದೀರಂತೆ. ಮೊದಲು ಅಂಥ ಕಾಗದವೇ ಇಲ್ಲ ಎಂದರಂತೆ, ಮೇಲ್ಮನವಿ ಹಾಕಿದ ಮೇಲೆ ಇದೆ ಎಂದರಂತೆ. ನಿಮ್ಮ ವಕೀಲ ಬುದ್ಧಪ್ರಿಯ ಭಾನುವಾರ ಮನೆಗೆ ಬಂದು ಎಲ್ಲ ಹೇಳಿದ. ಒಳ್ಳೆಯ ಹುಡುಗ. ಚಹಾ ಕುಡಿದು, "ಅವ್ವಾ, ನೀವು ಆಕ್ಷೇಪಣೆ ಇಲ್ಲ ಅಂತ ಒಂದ್ ಸಾಲ್ ಬರದ್ರ ಸಾಕ್ರಿ, ಮುಂದಿಂದ ನಾ ನೋಡ್ಕೋತೀನಿ" ಎಂದ. ನಾನು ಯೋಚಿಸುತ್ತೇನೆ ಎಂದೆ.

ಯೋಚಿಸಿದ್ದೇನೆ. ಆಕ್ಷೇಪಣೆ ಇದೆ. ಮುದ್ದಾದ ಅಕ್ಷರದಲ್ಲಿ ಬರೆದು ಇಟ್ಟಿದ್ದೇನೆ: "ಮೃತಳ ಕುಟುಂಬದ ಖಾಸಗಿತನಕ್ಕೂ ಮರ್ಯಾದೆಗೂ ಧಕ್ಕೆಯಾಗುತ್ತದೆ." ಇದನ್ನು ಸುಮ್ಮನೆ ಬರೆದಿಲ್ಲ. ದಾಖಲೆ ಹೊರಗೆ ಬಂದರೆ ಏನಾಗುತ್ತದೆ ಎಂದು ಯಾದಗಿರಿಯಲ್ಲಿ ಕೂತ ನಿಮಗಿಂತ ಇಲ್ಲಿರುವ ನನಗೆ ಚೆನ್ನಾಗಿ ಗೊತ್ತು.

ಹೋದ ವರ್ಷ ಜುಲೈನಲ್ಲಿ ಯಾವನೋ ಯೂಟ್ಯೂಬಿನವನು ಇದೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಶವ ಪಂಚನಾಮೆಯನ್ನು ಫೋಟೋ ಸಮೇತ ಪಡೆದುಕೊಂಡ. ಆಗ ಯಾರೂ ನನಗೆ ನೋಟಿಸು ಕಳಿಸಲಿಲ್ಲ, ಮೂರನೇ ವ್ಯಕ್ತಿ ಎಂದು ಕರೆಯಲೂ ಇಲ್ಲ. "ದೇವಾಪುರದ ಸೊಸೆ: ಕೊಲೆಯೋ, ನೇಣೋ?" ಎಂದು ಹೆಸರಿಟ್ಟು, ಹಿಂದೆ ಹಾರ್ಮೋನಿಯಂ ಬಾರಿಸಿ, ಅವಳ ಕುತ್ತಿಗೆಯ ಗುರುತನ್ನು ಕೆಂಪು ಗೆರೆಯಲ್ಲಿ ಸುತ್ತಿ ತೋರಿಸಿದ. ಮೊದಲು ನೋಡಿದ್ದು ಮುಬೀನಾ, ನಮ್ಮ ಶಾಲೆಯ ಉರ್ದು ಟೀಚರು. "ಆಪಾ, ಫೋನ್ ತೆಗಿಬ್ಯಾಡ್ರಿ, ಇವತ್ತು ಯಾರ್ ಏನ್ ಕಳಿಸಿದ್ರೂ ನೋಡಬ್ಯಾಡ್ರಿ" ಎಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಮೂರು ದಿನ ಅವಳ ಹತ್ತಿರವೇ ಇತ್ತು. ನಾಲ್ಕನೆಯ ದಿನ ಐದನೇ ತರಗತಿಯಲ್ಲಿ ಕನ್ನಡ ಪಾಠ ಮಾಡುವಾಗ ಮುಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತು ಕೇಳಿತು, "ಟೀಚರ್, ನಿಮ್ಮ ಸಪ್ನಕ್ಕನ ನಾಲಿಗಿ ಯಾಕ ಹೊರಗ ಬಂದಿತ್ರಿ?" ತಿಳಿಯದೇ ಕೇಳಿದ್ದು. ಕೂಡು ಎಂದೆ, ಕೂತಿತು. ಪಾಠ ಮುಗಿಸಿದೆ. ಏನು ಮುಗಿಸಿದೆನೋ ಗೊತ್ತಿಲ್ಲ.

ನಮ್ಮ ಕಿರಿಯವಳು ಅನುರಾಧಾಳ ಕಾಲೇಜಿನಲ್ಲಿ ಆ ವೀಡಿಯೋ ನೋಡದವರು ಯಾರೂ ಇರಲಿಲ್ಲ. ಶಹಾಪುರದ ಬಸ್ಸಿನಲ್ಲಿ ಹಿಂದಿನ ಸೀಟಿನವರು ಅದನ್ನು ಜೋರಾಗಿ ಹಚ್ಚುತ್ತಿದ್ದರು. ಅವಳು ಎರಡು ತಿಂಗಳು ಕುತ್ತಿಗೆಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡೇ ಓಡಾಡಿದಳು, ಮನೆಯಲ್ಲೂ. ನೀವು ಆಗಲೂ ಯಾದಗಿರಿಯಲ್ಲಿದ್ದಿರಿ, ದಾಖಲೆ ಎಲ್ಲರಿಗೂ ಸೇರಿದ್ದು ಎಂದು ಯಾರಿಗೋ ಹೇಳುತ್ತಿದ್ದಿರಂತೆ. ಎಲ್ಲರಿಗೂ ಸೇರಿತು, ನೋಡಿದೆವಲ್ಲ. ಹೆಣವಾದ ಮಗಳನ್ನು ಊರಿಗೆ ಊರೇ ಬೆರಳಿನಿಂದ ದೊಡ್ಡದು ಮಾಡಿ ನೋಡಿತು.

ಇಷ್ಟು ಬರೆದು ನಿಲ್ಲಿಸಿದ್ದರೆ ನನ್ನ ಕಾಗದ ಚಂದವಾಗಿರುತ್ತಿತ್ತು. ಬುದ್ಧಪ್ರಿಯನಿಗೂ ಇಷ್ಟೇ ಹೇಳಿದ್ದೆ, ಅವನ ಕಣ್ಣು ತುಂಬಿತು. ಆದರೂ ಹೋಗುವಾಗ ಅಂಗಳದಲ್ಲಿ ನಿಂತು, "ಆ ಮುಚ್ಚಳಿಕಿ ಕೈಗೆ ಸಿಗಲಿಲ್ಲಂದ್ರ ಶರಣಕುಮಾರ ಬಿಡುಗಡಿ ಆಗ್ತಾನ್ರೀ ಅವ್ವಾ" ಎಂದ. ಅದು ನನಗೂ ಗೊತ್ತಿದೆ. ಸಪ್ನಾ ತಾನೇ ನೇಣು ಹಾಕಿಕೊಂಡಳು, ಗಂಡನ ಮನೆಯಲ್ಲಿ ಒಂದು ಜಗಳವೂ ಇರಲಿಲ್ಲ ಎಂದು ಆ ಅಳಿಯನ ವಕೀಲ ಕೋರ್ಟಿನಲ್ಲಿ ಹೇಳುತ್ತಿದ್ದಾನೆ. ಸಾಯುವ ಹತ್ತೊಂಬತ್ತು ದಿನ ಮೊದಲು ಅವಳು ಠಾಣೆಗೆ ಹೋಗಿ, "ನನ್ನ ಗಂಡ ಟವೆಲ್ಲಿನಿಂದ ಕುತ್ತಿಗೆ ಬಿಗಿದ" ಎಂದು ಅರ್ಜಿ ಕೊಟ್ಟಿದ್ದಳು. ಅವಳ ಬಾಯಿಂದ ಬಂದ ಆ ಮಾತು ಇರುವುದು ಆ ಕಾಗದಗಳಲ್ಲಿ ಮಾತ್ರ. ಠಾಣೆಯವರು ಕೇಸು ಬರೆಯಲಿಲ್ಲ, ಎರಡೂ ಕಡೆಯ ಹಿರಿಯರನ್ನು ಕೂರಿಸಿ, ಇನ್ನು ಮುಂದೆ ಹೊಂದಿಕೊಂಡು ಬಾಳುತ್ತೇವೆ ಎಂದು ಮುಚ್ಚಳಿಕೆ ಬರೆಸಿ ಗಂಡನ ಜೊತೆ ಕಳಿಸಿದರು. ಆಮೇಲೆ ತಮ್ಮ ತಲೆಗೆ ಬರುತ್ತದೆಂದು ಅದನ್ನು ದೋಷಾರೋಪ ಪಟ್ಟಿಗೆ ಸೇರಿಸಲೇ ಇಲ್ಲ. ದೇವಾಪುರದ ನೆರೆಮನೆಯವರು ಬಾಯಿ ಬಿಡದಿದ್ದರೆ ನಿಮಗೂ ತಿಳಿಯುತ್ತಿರಲಿಲ್ಲ.

ಹೆಣ್ಣಿನ ಕಡೆಯಿಂದ ಯಾರು ಸಹಿ ಹಾಕಿದರು ಎಂದು ನೀವು ತಿಂಗಳುಗಟ್ಟಲೆ ಹುಡುಕುತ್ತಿದ್ದೀರಿ. ಶರಣಕುಮಾರನ ಕಡೆಯವರೇ ಯಾರನ್ನೋ ಸುಳ್ಳು ಸೋದರಮಾವನನ್ನು ನಿಲ್ಲಿಸಿರಬೇಕು ಎಂದು ಬುದ್ಧಪ್ರಿಯನಿಗೆ ಹೇಳಿದ್ದೀರಂತೆ. ಸಾಕು, ಹುಡುಕಬೇಡಿ. ನಾನು ಹಾಕಿದೆ.

ಓದುವುದನ್ನು ನಿಲ್ಲಿಸಬೇಡಿ. ನಾನು ಟೀಚರು ಎಂದು ಠಾಣೆಯವರು ಇಂಥ ಪಂಚಾಯ್ತಿಗಳಿಗೆ ನನ್ನನ್ನು ಕರೆಯುತ್ತಿದ್ದುದು ನಿಮಗೆ ಗೊತ್ತಿತ್ತು. ಅದರಲ್ಲಿ ನಿಮಗೂ ಹೆಮ್ಮೆ ಇತ್ತು. ಏಳು ಜೋಡಿ ಕೂಡಿಸಿದ್ದೆ. ಏಳು ಹುಡುಗಿಯರು ಅತ್ತುಕೊಂಡು ತಿರುಗಿ ಹೋದರು, ಅವರಲ್ಲಿ ನಾಲ್ವರು ಮಕ್ಕಳನ್ನು ಎತ್ತಿಕೊಂಡು ಬಂದು ನನ್ನ ಕಾಲಿಗೆ ಬಿದ್ದರು. ಉಳಿದ ಮೂವರನ್ನು ನಾನು ವಿಚಾರಿಸಲಿಲ್ಲ. ಆ ದಿನ ಫೋನ್ ಬಂದಾಗ ಯಾರ ಜಗಳ ಎಂದು ಕೇಳದೆಯೇ ಹೊರಟೆ, ಮುತ್ತಿನ ಅಂಚಿನ ಸೀರೆ ಉಟ್ಟುಕೊಂಡು. ಒಳಗೆ ಹೋದರೆ ಬೆಂಚಿನ ಮೇಲೆ ನಮ್ಮ ಸಪ್ನಾ.

ಆಗಲೇ ಎದ್ದು ಅವಳ ಕೈ ಹಿಡಿದು ಮನೆಗೆ ಕರೆತರಬೇಕಿತ್ತು. ನನಗೆ ಬಂದದ್ದು ಸಿಟ್ಟು. ಊರವರ ಮಕ್ಕಳಿಗೆ ಬುದ್ಧಿ ಹೇಳುವ ಟೀಚರ ಮಗಳೇ ಠಾಣೆ ಹತ್ತಿದಳು ಎಂದು ಮುಖಕ್ಕೆ ಹೊಡೆದಂತಾಯಿತು. ಹಿರಿಯರ ಸಾಲಿನಲ್ಲಿ ನನಗೆಂದು ಕುರ್ಚಿ ಹಾಕಿದ್ದರು, ಹೋಗಿ ಅದರ ಮೇಲೆ ಕೂತೆ. ಸಪ್ನಾ ಒಂದೇ ಮಾತು ಕೇಳಿದಳು, "ಅವ್ವಾ, ನೀ ಆ ಕಡಿ ಯಾಕ ಕುಂತಿ?" ನಾನು ಠಾಣೆಯ ಜಮಾದಾರನ ಕಡೆ ತಿರುಗಿದೆ. ಅವನು ಕೇಳಿದ್ದಕ್ಕೆ, "ನಮ್ಮ ಹುಡುಗಿಗೆ ಸಿಟ್ಟು ಜಾಸ್ತಿ ಅದರಿ, ಸಣ್ಣದು ದೊಡ್ಡದು ಮಾಡ್ತಾಳ" ಎಂದೆ. ಅವನು ಅದನ್ನು ಹಾಗೆಯೇ ಬರೆದುಕೊಂಡ. ಟವೆಲ್ಲಿನ ಮಾತಿನ ಕೆಳಗೇ ನನ್ನ ಈ ಮಾತು ಇದೆ. ಪಂಚರ ಜಾಗದಲ್ಲಿ ಸಹಿ ಮಾಡಿದೆ. ಹೊರಡುವಾಗ ಜಮಾದಾರ ತಡೆದು, "ಟೀಚರಮ್ಮಾರ, ಹೆಣ್ಣಿನ ಕಡಿಯವರ ಸಹಿ ಖಾಲಿ ಉಳದದ್ರಿ, ಅದೂ ನೀವೇ ಮಾಡಿಬಿಡ್ರಿ" ಎಂದ. ಅದನ್ನೂ ಮಾಡಿದೆ. ಒಂದೇ ಹಾಳೆಯಲ್ಲಿ ಎರಡು ಕಡೆ ನನ್ನ ಹೆಸರಿದೆ. ಠಾಣೆಯ ಮೆಟ್ಟಿಲಲ್ಲೇ ಶರಣಕುಮಾರ ಅವಳ ಫೋನ್ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ನಾನು ನೋಡಿದೆ.

ನಿಮಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಡಿ. ಮಣ್ಣು ಮಾಡಿ ಬಂದ ದಿನ ನೀವು ಎಲ್ಲರ ಎದುರಿಗೆ, "ಮನಿಯಾಗ ಇದ್ದಾಕಿ ನೀನು, ನಿನಗ ಒಂದೂ ಗೊತ್ತಾಗಲಿಲ್ಲೇನು?" ಎಂದು ಚೀರಿದಿರಿ. ಗೊತ್ತಾಗಲಿಲ್ಲ ಎಂದೆ. ಒಮ್ಮೆ ಹಾಗೆಂದ ಮೇಲೆ ಮತ್ತೆ ತಿರುಗಿಸಿ ಹೇಳುವುದು ನನ್ನಿಂದ ಆಗಲಿಲ್ಲ. ನೀವು ಪೆಟ್ಟಿಗೆ ತುಂಬಿಕೊಂಡು ಯಾದಗಿರಿಗೆ ಹೋದಾಗ, ದೇವರಾಣೆ ಎನ್ನಲು ನಮ್ಮಲ್ಲಿ ದೇವರಿಲ್ಲ, ನಿಜವಾಗಿ ಹೇಳುತ್ತೇನೆ, ಹಗುರವಾಯಿತು. ನನಗೆ ನಿಮ್ಮ ದುಃಖ ನೋಡಲು ಆಗುತ್ತಿರಲಿಲ್ಲ. ಅದು ಚೊಕ್ಕಟವಾಗಿತ್ತು. ನನ್ನದು ಹಾಗಿರಲಿಲ್ಲ.

ನಾನು ಅಂಜಿದ್ದೇನೆ. ಜೈಲಿಗಲ್ಲ, ಜನರಿಗಲ್ಲ. ಆ ಕಾಗದ ಕೋರ್ಟಿಗೆ ಹೋದರೆ ಮಾರನೆಯ ದಿನ ಯೂಟ್ಯೂಬಿನವನ ಕೈಗೂ ಹೋಗುತ್ತದೆ. ಈ ಸಲ ಕೆಂಪು ಗೆರೆ ಸುತ್ತುವುದು ನನ್ನ ಸಹಿಗೆ. ಅದನ್ನು ಅನುರಾಧಾ ನೋಡುತ್ತಾಳೆ.

ಆದ್ದರಿಂದ ಕೇಳುತ್ತಿದ್ದೇನೆ. ನಾನು ಆಕ್ಷೇಪಣೆ ಕೊಟ್ಟರೂ ಸಾರ್ವಜನಿಕ ಹಿತ ದೊಡ್ಡದು ಎಂದು ಅಧಿಕಾರಿ ನಕಲು ಕೊಟ್ಟುಬಿಡಬಹುದು ಎಂದು ನೋಟಿಸು ಕಳಿಸಿದ ಕಚೇರಿಯ ಗುಮಾಸ್ತೆ ಹೇಳಿದಳು. ಅರ್ಜಿದಾರರೇ ವಾಪಸ್ ತೆಗೆದುಕೊಂಡರೆ ಮಾತ್ರ ಕಡತ ಮುಚ್ಚುತ್ತದೆ. ಈ ಕಾಗದ ಶುಕ್ರವಾರ ನಿಮಗೆ ಮುಟ್ಟುತ್ತದೆ. ಶನಿವಾರ ಹೋಗಿ ಬರೆದುಕೊಟ್ಟು ಬನ್ನಿ. ದಿನಾ ಸಂಜೆ ನೀವು ಅನುರಾಧಾಳಿಗೆ ಫೋನ್ ಮಾಡುವುದು, ಅವಳು ಎತ್ತದೇ ಇರುವುದು ನನಗೆ ಗೊತ್ತಿದೆ. ಪರೀಕ್ಷೆಯ ಓದು, ಬೇರೇನಿಲ್ಲ. ಅರ್ಜಿ ವಾಪಸ್ ತೆಗೆದುಕೊಳ್ಳಿ, ಭಾನುವಾರ ಬೆಳಗಿನ ಬಸ್ಸಿಗೆ ಅವಳನ್ನು ನಿಮ್ಮ ಹತ್ತಿರ ಕಳಿಸುತ್ತೇನೆ. ನಿಮ್ಮ ಕೈಯಾರೆ ರೊಟ್ಟಿ ಬಡಿದು ಹಾಕಿ. ಒಬ್ಬಳು ಹೋದಳು, ಅವಳಿಗೆ ಈಗ ನ್ಯಾಯದಿಂದ ಏನೂ ಆಗಬೇಕಾದ್ದಿಲ್ಲ. ಇರುವವಳನ್ನು ಉಳಿಸಿಕೊಳ್ಳೋಣ. ಶರಣಕುಮಾರ ಹೊರಗೆ ಬಂದರೆ ಬರಲಿ. ಅವನನ್ನು ಸುರಪುರದ ಸಂತೆಯಲ್ಲಿ ನೋಡಿ ಮುಖ ತಿರುಗಿಸಿಕೊಳ್ಳುವುದನ್ನು ನಾನು ಕಲಿಯುತ್ತೇನೆ, ನೀವೂ ಕಲಿಯಿರಿ.

ಸಕ್ಕರೆಯ ಗುಳಿಗೆ ತಪ್ಪಿಸಬೇಡಿ.

ಇಂತಿ, ನಿಮ್ಮ ಇಬ್ಬರು ಮಕ್ಕಳ ತಾಯಿ
ಶೇಖಮ್ಮ

ತಾ.ಕ.: ಸಹಿ ಮಾಡಿ ಮಡಚುವಾಗ ಅನ್ನಿಸಿತು, ಆಸೆ ತೋರಿಸಿದರೆ ಬಗ್ಗುವವರಲ್ಲ ನೀವು. ಅದೂ ಅಲ್ಲದೆ ಅದು ಸುಳ್ಳು. ಪರೀಕ್ಷೆ ಜೂನ್‌ನಲ್ಲಿ. ನಾನು ಕಳಿಸಿದರೂ ಅನುರಾಧಾ ನಿಮ್ಮ ಹತ್ತಿರ ಬರುವುದಿಲ್ಲ. ಅಕ್ಕನನ್ನು ಠಾಣೆಯಿಂದ ತಿರುಗಿ ಕಳಿಸಿದರು ಎಂದು ಅವಳ ಕಿವಿಗೂ ಬಿದ್ದಿತ್ತು. "ನಮ್ಮ ಕಡಿಯಿಂದ ಯಾರವ್ವಾ ಸಹಿ ಮಾಡಿದವರು?" ಎಂದು ಕೇಳಿದಳು. ನೀವು ಮನೆ ಬಿಟ್ಟು ಹೋಗಿ ಒಂದು ವಾರವಾಗಿತ್ತು. ನಿಮ್ಮಪ್ಪ ಎಂದೆ. ಸಹಿ ಮಾಡಿದ ನಾಚಿಕೆಗೇ ಯಾದಗಿರಿಗೆ ಹೋದರು ಎಂದೆ. ಅವಳು ನಂಬಿದಳು. ಈಗ ನೀವು ನಕಲು ತೆಗೆಸಿದರೆ ಶರಣಕುಮಾರ ಒಳಗೆ ಹೋಗುತ್ತಾನೆ, ನೀವು ನಿರ್ದೋಷಿಯಾಗುತ್ತೀರಿ, ಅನುರಾಧಾಳಿಗೆ ಅಕ್ಕನ ಜೊತೆಗೆ ಅವ್ವನೂ ಹೋಗುತ್ತಾಳೆ. ಅವಳಿಗೆ ಹಾಗೆ ಮಾಡುವ ಕಲ್ಲುಮನಸ್ಸು ನಿಮಗಿಲ್ಲ. ಇಪ್ಪತ್ತೆಂಟು ವರ್ಷ ನಿಮ್ಮ ಜೊತೆ ಬಾಳಿದ್ದೇನೆ, ಅದನ್ನು ನಂಬಿಯೇ ಇಷ್ಟೂ ಬರೆದಿದ್ದೇನೆ. ಲಕೋಟೆಯನ್ನು ಇನ್ನೊಮ್ಮೆ ನೋಡಿ. ಮನೆ ನಂಬರು, ಓಣಿ, ಊರು, ಪಿನ್‌ಕೋಡು ಎಲ್ಲ ಅನುರಾಧಾ ಬರೆದದ್ದು, ನನ್ನ ಕೈ ಊದಿದೆ ಎಂದು ಅವಳಿಂದ ಬರೆಸಿದೆ. ನಿಮ್ಮ ಹೆಸರನ್ನು ಮಾತ್ರ ನಾನು ಬರೆದಿದ್ದೇನೆ. ಅದನ್ನು ಬರೆಯುವುದಿಲ್ಲ ಎಂದಳು.