ಆ ತಿರುವು ದಾಟಿದರೆ ಬಂತು

ಅಪ್ಪ,

ಇವತ್ತು ವಯಸ್ಸಾದ ಗಂಡ-ಹೆಂಡತಿಯನ್ನು ಮೇಲಿನ ಕಣಿವೆಯ ಸರೋವರಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಬ್ಬರೇ, ಜೊತೆಗೆ ನಾನು. ಅರ್ಧ ದಾರಿಯಲ್ಲಿ ಆಕೆ, "ಇನ್ನೂ ಎಷ್ಟು ದೂರ ಇದೆಯಮ್ಮ?" ಎಂದರು.

ನೀನಾಗಿದ್ದರೆ "ಆ ತಿರುವು ದಾಟಿದ್ರೆ ಬಂತು" ಅನ್ನುತ್ತಿದ್ದೆ. ಗೈಡ್ ಆಗಿ ಮೂವತ್ತು ವರ್ಷ ನೀನು ಬೆಟ್ಟಕ್ಕೆ ಬಂದವರಿಗೆಲ್ಲ ಅದೊಂದೇ ಸುಳ್ಳು ಹೇಳಿದೆ. ಚಿಕ್ಕವಳಾಗಿ ನಿನ್ನ ಹಿಂದೆ ನಡೆಯುತ್ತಿದ್ದ ನನಗೆ ನಾಚಿಕೆಯಾಗುತ್ತಿತ್ತು. ಗೈಡ್ ಆದಮೇಲೆ ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಇವತ್ತೂ ಕೈಗಡಿಯಾರ ನೋಡಿ, "ಎರಡೂವರೆ ಗಂಟೆ, ಪೂರ್ತಿ ಏರು" ಎಂದೆ.

ಆಕೆ ಬಂಡೆಯ ಮೇಲೆ ಕುಳಿತುಬಿಟ್ಟರು. "ನೀವಿಬ್ಬರೂ ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ." ಗಂಡ ಪಕ್ಕದಲ್ಲಿ ಕುಳಿತು ತಮ್ಮ ಶೂ ಲೇಸು ಬಿಚ್ಚತೊಡಗಿದರು. ಅದನ್ನು ನೋಡಲಾಗದೆ ನನ್ನ ಬಾಯಿಂದ ಬಂದೇಬಿಟ್ಟಿತು: "ನಂದೇ ಲೆಕ್ಕ ತಪ್ಪಿತು ಅಮ್ಮ. ಆ ತಿರುವು ದಾಟಿದ್ರೆ ಬಂತು."

ಆಕೆ ನಂಬಲಿಲ್ಲ. ಆದರೂ ಎದ್ದರು. ಏಳು ತಿರುವುಗಳಲ್ಲೂ ಅದನ್ನೇ ಹೇಳಿದೆ. ಕೊನೆಕೊನೆಗೆ ನನಗಿಂತ ಮೊದಲು ಗಂಡನೇ ಹೇಳಿಬಿಡುತ್ತಿದ್ದರು. ಮಧ್ಯಾಹ್ನ ಸರೋವರದ ನೀರಿಗೆ ಕಾಲು ಇಳಿಬಿಟ್ಟು ಕುಳಿತ ಆಕೆ, "ಒಳ್ಳೇ ಸುಳ್ಳುಬುರುಕಿ ಕಣೇ ನೀನು" ಎಂದು ನನ್ನ ಬೆನ್ನು ತಟ್ಟಿದರು.

ಆಸ್ಪತ್ರೆಯಲ್ಲಿ ನೀನೂ ಕೇಳಿದ್ದೆ, "ಮನೆಗೆ ಹೋಗೋಕೆ ಇನ್ನೂ ಎಷ್ಟು ದಿನ ಮಗಳೇ?" ನೀನು ಇನ್ನು ಮನೆಗೆ ಹೋಗುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೆ ಹೇಳಿದ್ದನ್ನು ನಾನು ಮುಚ್ಚುಮರೆಯಿಲ್ಲದೆ ನಿನಗೆ ಹೇಳಿದೆ. ನೀನು ಮಂಚದ ಕೆಳಗೆ ಇಡಿಸಿಕೊಂಡಿದ್ದ ನಿನ್ನ ಬೆಟ್ಟದ ಶೂ ಕಡೆ ಕೈ ತೋರಿಸಿ, "ಹಾಗಾದ್ರೆ ಇವನ್ನ ತಗೊಂಡು ಹೋಗು" ಎಂದೆ.